ಜೆರ್ರಿ ಗಾರ್ಸಿಯಾ ಅವರ ‘ಟೈಗರ್’ ಗಿಟಾರ್: ವಾಲ್ಯೂಮ್ ಗುಂಡಿ ಪೆಡಲ್‌ಗಳ ಆಚೆಗೆ ಹೋದದ್ದು ಏಕೆ, ನಮ್ಮ ಗಿಟಾರಿಗೆ ಅದನ್ನು ಹಾಕುವುದು ಹೇಗೆ

ತಂತಿವಾದ್ಯ_ಹಾಸನ

ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್‌ನ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಅವರ ‘ಟೈಗರ್’ ಬಗ್ಗೆ ಕನ್ನಡದಲ್ಲಿ ಒಂದೇ ಕಡೆ ವಿವರ ಸಿಗಲಿ ಎಂದು ಈ ಥ್ರೆಡ್. ಮೊದಲು ಗೊತ್ತಿರುವ ಸಂಗತಿ ಬರೆಯುತ್ತೇನೆ, ಆಮೇಲೆ ಪ್ರಶ್ನೆಗಳು.

ಮಾಡಿದವರು ಕ್ಯಾಲಿಫೋರ್ನಿಯಾದ ಡಗ್ ಇರ್ವಿನ್. 1973ರಲ್ಲಿ ಅವರು ಗಾರ್ಸಿಯಾಗೆ ‘ವೂಲ್ಫ್’ ಎಂಬ ಗಿಟಾರ್ ಕೊಟ್ಟರು, ಬೆಲೆ 1,500 ಡಾಲರ್. ಅದು ಕೈಗೆ ಬಂದ ಕೂಡಲೇ ಗಾರ್ಸಿಯಾ ಮುಂದಿನದಕ್ಕೆ ಹೇಳಿಬಿಟ್ಟರು, ಯಾವುದಕ್ಕೂ ಕೈ ಹಿಡಿಯದೆ ಮಾಡಿ ಎಂದು. ಹಾಗೆ ಶುರುವಾದ ಟೈಗರ್ ಮುಗಿಯಲು ಆರು ವರ್ಷ ಬೇಕಾಯಿತು, ಸುಮಾರು 2,000 ಗಂಟೆಗಳ ಕೆಲಸ. ಬೆಲೆ 5,800 ಡಾಲರ್. 1979ರ ಆಗಸ್ಟ್ 4ರಂದು ಓಕ್ಲ್ಯಾಂಡ್ ಆಡಿಟೋರಿಯಂನಲ್ಲಿ ಮೊದಲ ಸಲ ವೇದಿಕೆ ಹತ್ತಿತು. ಮುಂದಿನ ಹತ್ತು ವರ್ಷ ಅವರ ಮುಖ್ಯ ಗಿಟಾರ್ ಇದೇ. ತೂಕ 13.5 ಪೌಂಡ್, ಅಂದರೆ 6.1 ಕೆ.ಜಿ. ಮಾಮೂಲಿ ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರ್) 3.5 ಕೆ.ಜಿ. ಆಸುಪಾಸು ಇರುತ್ತದೆ, ಹೋಲಿಸಿ ನೋಡಿ.

ಹೆಸರು ಬಂದದ್ದು ಬ್ರಿಡ್ಜ್ (ಮೈ ಮೇಲೆ ತಂತಿಗಳು ಕೂರುವ ಆಸರೆ) ಹಿಂದೆ, ಪ್ರೀಆಂಪ್ ಎಂಬ ಒಳಗಿನ ಸರ್ಕ್ಯೂಟನ್ನು ಮುಚ್ಚುವ ಫಲಕದ ಮೇಲೆ ಕೂಡಿಸಿರುವ ಹುಲಿಯ ಚಿತ್ರದಿಂದ. ಎಲ್ಲರ ಕಣ್ಣು ಹುಲಿಯ ಮೇಲೆ ನಿಲ್ಲುತ್ತದೆ. ನನಗೆ ಬೇಕಿರುವುದು ಆ ಫಲಕದ ಕೆಳಗೆ ಏನಿದೆ ಎಂಬುದು.

ಪ್ರಶ್ನೆಗಳು ಮೂರು. ಗಿಟಾರಿನ ಒಳಗೇ ಇರುವ ಎಫೆಕ್ಟ್ಸ್ ಲೂಪ್ ಹೇಗೆ ಕೆಲಸ ಮಾಡುತ್ತದೆ, ಸಾಧಾರಣ ಗಿಟಾರಿಗೆ ಅದನ್ನು ಹಾಕಬಹುದೇ? ಟೈಗರ್‌ನ ಕೊಕೊಬೊಲೊ ಮರದ ಜಾಗದಲ್ಲಿ ನಮ್ಮ ಬೀಟೆ ಬಳಸಿದರೆ ಆದೀತೇ? ಅದರ ಮೈ ಸುತ್ತಲಿನ ಹಿತ್ತಾಳೆ ಅಂಚನ್ನು ಕೂರಿಸುವುದು ಹೇಗೆ?

ಬೆಸುಗೆಕಡ್ಡಿ

ಮೊದಲ ಪ್ರಶ್ನೆಯೇ ಈ ಗಿಟಾರಿನ ಜೀವ, ಅಲ್ಲಿಂದಲೇ ಹೊರಡೋಣ.

ಮಾಮೂಲಿ ಗಿಟಾರಿನಲ್ಲಿ ಸಿಗ್ನಲ್ ಹೋಗುವ ದಾರಿ ಹೀಗೆ: ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಕಾಯಿಲ್), ಸೆಲೆಕ್ಟರ್ (ಪಿಕಪ್ ಆರಿಸುವ ಸ್ವಿಚ್), ಟೋನ್, ವಾಲ್ಯೂಮ್, ಆಮೇಲೆ ಕೇಬಲ್, ಪೆಡಲ್‌ಗಳು (ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆಗಳು), ಆಂಪ್. ಇದರಲ್ಲಿ ವಾಲ್ಯೂಮ್ ಇಳಿಸಿದರೆ ಆಂಪಿನ ಸದ್ದು ಮಾತ್ರ ಇಳಿಯುವುದಿಲ್ಲ, ಪೆಡಲಿಗೆ ತಲುಪುವ ಸಿಗ್ನಲ್ಲೇ ಸೊರಗುತ್ತದೆ.

ಗಾರ್ಸಿಯಾ ಬಳಸುತ್ತಿದ್ದ ಮ್ಯೂಟ್ರಾನ್ 3 ತೆಗೆದುಕೊಳ್ಳಿ. ಅದು ಎನ್ವಲಪ್ ಫಿಲ್ಟರ್. ಒಳಗೆ ಬರುವ ಸಿಗ್ನಲ್ ಎಷ್ಟು ಜೋರಿದೆಯೋ ಅಷ್ಟು ಫಿಲ್ಟರ್ ಬಾಯಿ ತೆರೆಯುತ್ತದೆ. ಮೀಟಿದ ಕ್ಷಣದಲ್ಲಿ ‘ವಾ’ ಎಂದು ತೆರೆದು, ತಂತಿ ತಣ್ಣಗಾದಂತೆ ಮುಚ್ಚಿಕೊಳ್ಳುತ್ತದೆ. ಗಾಯಕ ಹಾಡಲು ಶುರು ಮಾಡಿದ, ನೀವು ಹಿಂದೆ ಸರಿಯಬೇಕು, ವಾಲ್ಯೂಮ್ ಅರ್ಧಕ್ಕೆ ತಂದಿರಿ ಎಂದುಕೊಳ್ಳಿ. ಫಿಲ್ಟರ್ ತೆರೆಯುವುದೇ ಇಲ್ಲ. ಮಂಕು ಸದ್ದೊಂದು ಉಳಿಯುತ್ತದೆ. ಡಿಸ್ಟಾರ್ಷನ್ ಪೆಡಲ್ ಕಥೆಯೂ ಇಷ್ಟೇ: ಸದ್ದು ಕಡಿಮೆ ಮಾಡಲು ಹೋದರೆ ಡಿಸ್ಟಾರ್ಷನ್ನೇ ಕರಗುತ್ತದೆ.

ಟೈಗರ್‌ನಲ್ಲಿ ಈ ಅನುಕ್ರಮವನ್ನು ಬದಲಿಸಿದ್ದಾರೆ. ಪಿಕಪ್, ಸೆಲೆಕ್ಟರ್, ಟೋನ್, ಅಲ್ಲಿಂದ ಒಂದು ಬಫರ್ (ಮುಂದಿನ ಕೇಬಲ್, ಪೆಡಲ್‌ಗಳ ಭಾರ ಪಿಕಪ್‌ಗೆ ತಾಗದಂತೆ ತಡೆಯುವ ಸಣ್ಣ ಸರ್ಕ್ಯೂಟ್). ಬಫರ್ ದಾಟಿದ ಸಿಗ್ನಲ್ ವಾಲ್ಯೂಮ್ ಮುಟ್ಟದೆ ಗಿಟಾರಿನಿಂದ ಹೊರಗೆ ಹೋಗುತ್ತದೆ, ಪೆಡಲ್‌ಗಳನ್ನೆಲ್ಲ ಸುತ್ತಿಕೊಂಡು ಮತ್ತೆ ಗಿಟಾರಿಗೇ ವಾಪಸು ಬರುತ್ತದೆ. ಆಗ ವಾಲ್ಯೂಮ್ ಪಾಟ್ (ಗುಂಡಿಯ ಕೆಳಗಿರುವ, ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್) ಸೇರಿ, ಕೊನೆಗೆ ಆಂಪಿಗೆ. ಹೋಗಿ ಬರುವ ದಾರಿಗೆ ಸ್ಟೀರಿಯೋ ಕೇಬಲ್ ಒಂದು, ಆಂಪಿಗೆ ಮಾಮೂಲಿ ಕೇಬಲ್ ಇನ್ನೊಂದು. ಲೂಪ್ ಬೇಡವಾದಾಗ ಗಿಟಾರಿನ ಮೇಲಿರುವ ಸಣ್ಣ ಟಾಗಲ್ ಸ್ವಿಚ್ ಒತ್ತಿದರೆ ಪೆಡಲ್‌ಗಳೆಲ್ಲ ಒಟ್ಟಿಗೆ ಆಚೆ. ಇದಕ್ಕೆ ‘ಆನ್‌ಬೋರ್ಡ್ ಎಫೆಕ್ಟ್ಸ್ ಲೂಪ್’ ಎಂದು ಹೆಸರು, ಚಿಕ್ಕದಾಗಿ ಓಬೆಲ್.

ಫಲ ಏನೆಂದರೆ, ಪೆಡಲ್‌ಗಳಿಗೆ ಸದಾ ಪೂರ್ತಿ ಸಿಗ್ನಲ್ ಸಿಗುತ್ತದೆ. ವಾಲ್ಯೂಮ್ ಎರಡಕ್ಕೆ ಇಳಿಸಿದರೂ ಮ್ಯೂಟ್ರಾನ್ ಪೂರ್ತಿ ಬಾಯಿ ತೆರೆದೇ ಹಾಡುತ್ತದೆ, ಸಣ್ಣ ದನಿಯಲ್ಲಿ. ಜೊತೆಗೆ ಪೆಡಲ್‌ಗಳ ಹಿಸ್ ಕೂಡ ವಾಲ್ಯೂಮ್ ಜೊತೆಗೇ ಇಳಿಯುತ್ತದೆ, ಏಕೆಂದರೆ ಪಾಟ್ ಅವುಗಳ ನಂತರ ಇದೆ. ನೀವು ಮೌನವಾಗಿದ್ದಾಗ ನಿಮ್ಮ ಪೆಡಲ್‌ಬೋರ್ಡೂ ಮೌನ.

ಪಂಚಮ

ಚೆನ್ನಾಗಿ ಬಿಡಿಸಿ ಹೇಳಿದ್ದೀರಿ ಸರ್. ಒಂದು ಸಂದೇಹ. ವಾಲ್ಯೂಮ್ ಇಳಿಸಿ ಫಜ್ ಪೆಡಲನ್ನು (ಡಿಸ್ಟಾರ್ಷನ್‌ನ ಒಂದು ಒರಟು ಬಗೆ) ತಿಳಿಗೊಳಿಸುವ ಅಭ್ಯಾಸ ಇರುವವರಿಗೆ ಇದು ತೊಂದರೆಯಲ್ಲವೇ?

ಬೆಸುಗೆಕಡ್ಡಿ

ತೊಂದರೆಯೇ. ಲೂಪ್ ಆನ್ ಇದ್ದಾಗ ಆ ಅನುಕೂಲ ಪೂರ್ತಿ ಹೋಗುತ್ತದೆ. ಇನ್ನೂ ಒಂದು ಮಾತಿದೆ: ಫಜ್‌ಫೇಸ್ ಮಾದರಿಯ ಎರಡು ಟ್ರಾನ್ಸಿಸ್ಟರ್ ಫಜ್‌ಗಳಿಗೆ ಪಿಕಪ್ ನೇರವಾಗಿ ಸಿಗಬೇಕು. ಮುಂದೆ ಬಫರ್ ಬಂದರೆ ಸದ್ದು ಕರ್ಕಶವಾಗುತ್ತದೆ. ಅಂಥ ಪೆಡಲ್ ಇದ್ದರೆ ಅದನ್ನು ಲೂಪಿನಲ್ಲಿ ಇಡಲೇಬೇಡಿ.

ಗಾರ್ಸಿಯಾಗೆ ಇದು ಒಪ್ಪಿದ್ದಕ್ಕೆ ಕಾರಣ ಅವರ ಉಳಿದ ಸಲಕರಣೆ. ಫೆಂಡರ್ ಟ್ವಿನ್ ರಿವರ್ಬ್‌ನ ಪ್ರೀಆಂಪ್ ಭಾಗ ಮಾತ್ರ, ಅಲ್ಲಿಂದ ಚಾನೆಲ್ಲಿಗೆ 300 ವಾಟ್‌ನ ಮ್ಯಾಕಿಂಟಾಷ್ ಎಂಸಿ2300 ಪವರ್ ಆಂಪ್, ಆಮೇಲೆ ಜೆಬಿಎಲ್‌ನ 12 ಇಂಚಿನ ಸ್ಪೀಕರ್‌ಗಳು. ಇಡೀ ಸಾಲಿನಲ್ಲಿ ಆಂಪಿನ ಸದ್ದು ಒಡೆಯುವ, ಅಂದರೆ ಡಿಸ್ಟಾರ್ಷನ್ ಆಗುವ, ಪ್ರಶ್ನೆಯೇ ಇಲ್ಲ, ಸದ್ದು ಗಾಜಿನಷ್ಟು ತಿಳಿ. ಒಡೆಯುವ ಸದ್ದು ಬೇಕೆಂದಾಗ ಪೆಡಲಿನಿಂದಲೇ ತರಬೇಕು, ಅದರ ಮಟ್ಟವನ್ನು ಕೈಯಲ್ಲಿರುವ ಗುಂಡಿಯಿಂದ ಹಿಡಿಯಬೇಕು. ಹಾಗಿದ್ದವರಿಗೆ ಈ ಲೂಪ್. ವಾಲ್ವ್ ಆಂಪನ್ನು ಏರಿಸಿ, ಗಿಟಾರ್ ವಾಲ್ಯೂಮಿನಿಂದ ಅದನ್ನು ಆಡಿಸುವವರಿಗೂ ಕಷ್ಟವಿಲ್ಲ, ಆಂಪ್ ಈಗಲೂ ಪಾಟ್ ನಂತರವೇ ಇದೆಯಲ್ಲ.

ಕರಗಸ_ಸಾಗರ

ಮರದ ವಿಷಯ ನಾನು ಹೇಳುತ್ತೇನೆ.

ಟೈಗರ್‌ನ ಮೈ ಒಂದೇ ಹಲಗೆಯಲ್ಲ. ಮೇಲೆ ಕೆಳಗೆ ಕೊಕೊಬೊಲೊ, ನಡುವೆ ಮೇಪಲ್ ಮತ್ತು ಕೆಂಪು ಪಡಾಕ್‌ನ ಪದರಗಳು. ರೊಟ್ಟಿ ಮೇಲೆ ರೊಟ್ಟಿ ಇಟ್ಟಂತೆ ಮುಖಕ್ಕೆ ಮುಖ ಅಂಟಿಸಿದ ಈ ರೀತಿಗೆ ಗಿಟಾರ್ ಮಾಡುವ ಅಲೆಂಬಿಕ್ ಕಾರ್ಖಾನೆಯವರು ‘ಹಿಪ್ಪಿ ಸ್ಯಾಂಡ್‌ವಿಚ್’ ಎನ್ನುತ್ತಿದ್ದರು. ಇರ್ವಿನ್ ಸ್ವಲ್ಪ ಕಾಲ ಅಲ್ಲಿ ಕೆಲಸ ಮಾಡಿದವರು.

ಕೊಕೊಬೊಲೊ ಮಧ್ಯ ಅಮೆರಿಕದ ಮರ, ಡಾಲ್ಬರ್ಜಿಯಾ ರೆಟೂಸಾ. ನಮ್ಮ ಬೀಟೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಎರಡೂ ಒಂದೇ ಕುಲ, ದಾಯಾದಿಗಳು. ಪಡಾಕ್ ಕೂಡ ದೂರದ್ದೇನಲ್ಲ, ನಮ್ಮ ಹೊನ್ನೆ, ರಕ್ತಚಂದನಗಳ ಟೆರೋಕಾರ್ಪಸ್ ಕುಲದ್ದೇ. ಹಾಗಾಗಿ ಬೀಟೆ ಹಾಕಬಹುದೇ ಎಂದರೆ, ಧಾರಾಳವಾಗಿ ಹಾಕಬಹುದು. ತೂಕದಲ್ಲಿ ಲಾಭವೇ: ಒಣಗಿದ ಕೊಕೊಬೊಲೊ ಘನ ಮೀಟರಿಗೆ ಸುಮಾರು 1,100 ಕೆ.ಜಿ. ತೂಗುತ್ತದೆ, ನೀರಿಗೆ ಹಾಕಿದರೆ ಮುಳುಗುವ ಮರ. ಬೀಟೆ 830ರ ಸುತ್ತ. ಗಟ್ಟಿ ಮೇಪಲ್ 700.

ಗಿಟಾರ್ ಲೋಕಕ್ಕೆ ಬೀಟೆ ಹೊಸದೂ ಅಲ್ಲ. ಬ್ರೆಜಿಲ್‌ನ ರೋಸ್‌ವುಡ್ ದಿಮ್ಮಿ ಸಿಗುವುದು ಕಷ್ಟವಾದಾಗ ಮಾರ್ಟಿನ್ ಕಂಪನಿ 1969ರಿಂದ ಭಾರತದ ಬೀಟೆಗೆ ಬದಲಾಯಿತು. ಪಶ್ಚಿಮ ಘಟ್ಟದ ಈ ಮರ ಅಂದಿನಿಂದ ಜಗತ್ತಿನ ಅಕೂಸ್ಟಿಕ್ ಗಿಟಾರುಗಳ ಬೆನ್ನು, ಪಕ್ಕೆ, ಫ್ರೆಟ್‌ಬೋರ್ಡ್ ಆಗಿದೆ. ಗಾರ್ಸಿಯಾ ಅವರ ಕೊನೆಯ ವರ್ಷಗಳ ‘ಲೈಟ್ನಿಂಗ್ ಬೋಲ್ಟ್’ ಗಿಟಾರಿನ ಮೈಯೂ ಬೀಟೆಯೇ. ಅದನ್ನು ಮಾಡಿದ ಫ್ಲಾರಿಡಾದ ಸ್ಟೀಫನ್ ಕ್ರೈಪ್ ಹಳೆಯ ಏಷ್ಯನ್ ಮಂಚವೊಂದರ ಮರವನ್ನು ಅದಕ್ಕೆ ಬಳಸಿದ್ದರು. ಇರ್ವಿನ್ ಮಾಡಿದ ಗಿಟಾರಿನ ಅಳತೆಯನ್ನು ಕ್ರೈಪ್ ಫೋಟೊ, ವಿಡಿಯೊ ನೋಡಿಯೇ ಹಿಡಿದರು.

ಈಗ ಕೆಲಸದ ಮಾತು. ಕೊಕೊಬೊಲೊ ಎಣ್ಣೆಯ ಮರ. ಕಡೆಗಣಿಸಿದರೆ ಮೂರು ಕಡೆ ಹೊಡೆತ ಬೀಳುತ್ತದೆ.

ಒಂದು, ಅಂಟು. ಹತ್ತರಿ ಹೊಡೆದು ಎರಡು ದಿನ ಬಿಟ್ಟ ಮುಖಕ್ಕೆ ಅಂಟು ಹಚ್ಚಿದರೆ, ಎಣ್ಣೆ ಮೇಲಕ್ಕೆ ಬಂದು ಕೂತಿರುತ್ತದೆ, ಜೋಡಣೆ ಮುಂದೊಂದು ದಿನ ಬಿಚ್ಚಿಕೊಳ್ಳುತ್ತದೆ. ಅಂಟಿಸುವ ಹೊತ್ತಿಗೇ ಉಜ್ಜಿ, ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ. ಬಟ್ಟೆಗೆ ಕಿತ್ತಳೆ ಬಣ್ಣ ಬರುತ್ತದೆ. ಬಣ್ಣ ತೀರ ತೆಳುವಾಗುವವರೆಗೆ ಬಟ್ಟೆ ಬದಲಿಸಿ ಒರೆಸುತ್ತಿರಿ. ಅಸಿಟೋನ್ ಆರಿದ ಕೂಡಲೇ ಎಪಾಕ್ಸಿ. ಕ್ಲಾಂಪನ್ನು ಹಲ್ಲು ಕಚ್ಚಿ ಬಿಗಿಯಬೇಡಿ, ಅಂಟೆಲ್ಲ ಹೊರಗೆ ಬಂದು ಜೋಡಣೆ ಬರಿದಾಗುತ್ತದೆ.

ಎರಡು, ಪಾಲಿಶ್. ಎಣ್ಣೆ ಇರುವ ಕಡೆ ಪಾಲಿಯುರಿಥೇನ್ ಒಣಗದೆ ಅಂಟಂಟು ಉಳಿಯುತ್ತದೆ. ಕೆಂಪು ಬಣ್ಣ ಪಕ್ಕದ ಬಿಳಿ ಮೇಪಲ್ ಮೇಲೆ ಹರಿದು ಗಲೀಜಾಗುತ್ತದೆ. ಮೇಣ ತೆಗೆದ ಅರಗಿನ ಪಾಲಿಶ್ ಎರಡು ಕೈ ಮೊದಲು ಹೊಡೆದು ಮುಚ್ಚಿ, ಆಮೇಲೆ ನಿಮ್ಮಿಷ್ಟದ ಲೇಪ. ಬಟ್ಟೆಯಲ್ಲಿ ಉಜ್ಜುವಾಗ ಕೆಂಪಿನಿಂದ ಬಿಳಿಯ ಕಡೆಗೆ ಎಳೆಯಬೇಡಿ, ಪದರದ ಉದ್ದಕ್ಕೇ ಎಳೆಯಿರಿ.

ಮೂರು, ಮೈ. ಕೊಕೊಬೊಲೊ ಪುಡಿ ಚರ್ಮಕ್ಕೆ, ಶ್ವಾಸಕ್ಕೆ ಕೆಟ್ಟದ್ದು. ಮೊದಲ ಸಲ ಏನೂ ಆಗದಿರಬಹುದು, ಮೈಗೆ ಒಮ್ಮೆ ಅಲರ್ಜಿ ಹತ್ತಿತೆಂದರೆ ಆಮೇಲೆ ಸ್ವಲ್ಪ ಪುಡಿಗೂ ದದ್ದು ಏಳುತ್ತದೆ. ಬರೀ ಬಟ್ಟೆ ಕಟ್ಟಿಕೊಂಡರೆ ಸಾಲದು, ಸೂಕ್ಷ್ಮ ಪುಡಿ ತಡೆಯುವ ಫಿಲ್ಟರ್ ಮಾಸ್ಕ್, ಪೂರ್ತಿ ತೋಳು, ಪುಡಿ ಎಳೆಯುವ ಯಂತ್ರ ಬೇಕು. ಬೀಟೆ ಇಷ್ಟು ಉಗ್ರವಲ್ಲ, ಆದರೂ ಅದೇ ಜಾಗ್ರತೆ ಇರಲಿ.

ಕಾನೂನು: ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ಇಲಾಖೆಯ ನಾಟಾ ಡಿಪೋ ಹರಾಜಿನಿಂದ ಬಂದ ಮರ, ಅದರ ಬಿಲ್ಲು, ಪಾಸು ಇರುವ ವ್ಯಾಪಾರಿಯಿಂದಲೇ ಕೊಳ್ಳಿ. ಮೊದಲನೇ ಪಟ್ಟಿಯಲ್ಲಿರುವ ಬ್ರೆಜಿಲ್ ರೋಸ್‌ವುಡ್ ಬಿಟ್ಟರೆ, ಡಾಲ್ಬರ್ಜಿಯಾ ಕುಲ ಪೂರ್ತಿ 2017ರ ಜನವರಿಯಿಂದ ಸೈಟೀಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ತಯಾರಾದ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಸಿಕ್ಕಿದೆ, ಹಲಗೆಗೆ ಇಲ್ಲ. ಅಮೆರಿಕದಲ್ಲಿರುವ ಅಣ್ಣನಿಗೆ ಹೇಳಿ ಕೊಕೊಬೊಲೊ ಹಲಗೆ ತರಿಸುತ್ತೇನೆ ಅಂದರೆ ಅದಕ್ಕೆ ಕಾಗದಪತ್ರ ಬೇಕು.

ಹೇಮಾವತಿ

ಕರಗಸ ಸರ್, ಇಷ್ಟು ಭಾರದ ಮರದಿಂದಲೇ ಟೈಗರ್‌ಗೆ ಆ ಉದ್ದನೆಯ ನಾದ ಬಂತು ಎನ್ನುವವರಿದ್ದಾರೆ. ನಿಜವೇ?

ಕರಗಸ_ಸಾಗರ

ಗಟ್ಟಿಯಾದ, ಅಲುಗದ ಮೈ ತಂತಿಯ ಶಕ್ತಿಯನ್ನು ಕಡಿಮೆ ಕದಿಯುತ್ತದೆ, ಅಷ್ಟು ನಿಜ ಮೇಡಂ. ಬ್ರಿಡ್ಜ್, ನಟ್ ಸರಿಯಾಗಿ ಕೂತ ಯಾವ ಒಳ್ಳೆ ಗಿಟಾರಿಗೂ ನಾದ ಬೇಕಾದಷ್ಟು ಉದ್ದ ಇರುತ್ತದೆ. ಆರು ಕೆ.ಜಿ. ಹೊರಲು ಅದು ಸಾಕಾದ ಕಾರಣ ಅಲ್ಲ ಎಂದು ನನ್ನ ಅಭಿಪ್ರಾಯ. ಇರ್ವಿನ್ ಅವರೇ ಮುಂದಿನ ‘ರೋಸ್‌ಬಡ್’ ಮಾಡುವಾಗ ಒಳಗೆ ಟೊಳ್ಳು ಬಿಟ್ಟು ತೂಕ ಇಳಿಸಿದರು. 1989ರ ಕೊನೆಗೆ ಅದು ಬಂದ ಮೇಲೆ ಟೈಗರ್ ಹಿಂದೆ ಸರಿಯಿತು.

ಬೆಸುಗೆಕಡ್ಡಿ

ಇದಕ್ಕೆ ನನ್ನದೊಂದು ಸೇರಿಸುತ್ತೇನೆ. ಟೈಗರ್‌ನ ಪಿಕಪ್‌ಗಳು ಬದಲಾಗುತ್ತಲೇ ಇದ್ದವು. ಶುರುವಿನಲ್ಲಿ ನೆಕ್ ಬಳಿ ಡಿಮಾರ್ಜಿಯೊ ಎಸ್‌ಡಿಎಸ್-1 ಸಿಂಗಲ್ ಕಾಯಿಲ್, ನಡುವೆ ಮತ್ತು ಬ್ರಿಡ್ಜ್ ಬಳಿ ಡ್ಯುಯಲ್ ಸೌಂಡ್ ಹಂಬಕರ್‌ಗಳು (ಎರಡು ಕಾಯಿಲ್‌ನ ಪಿಕಪ್‌ಗಳು). 1982ರಲ್ಲಿ ಸೂಪರ್ 2 ಹಂಬಕರ್‌ಗಳು ಬಂದವು. ಐದು ಸ್ಥಾನದ ಸೆಲೆಕ್ಟರ್, ಹಂಬಕರ್‌ನ ಒಂದು ಕಾಯಿಲ್ ತೆಗೆಯಲು ಸಣ್ಣ ಟಾಗಲ್‌ಗಳು. ಟೈಗರ್‌ನಲ್ಲಿ ನಾವು ಕೇಳುವ ಆ ಗಂಟೆಯಂಥ ಸದ್ದು ಬಹುಪಾಲು ಕಾಯಿಲ್ ಒಡೆದ ಹಂಬಕರ್, ಬಫರ್, ತಿಳಿಯಾದ ಆಂಪ್ ಸೇರಿ ಆದದ್ದು. ಮರ ಹಾಗೇ ಇದ್ದು ಪಿಕಪ್ ಬದಲಾದಾಗ ಧ್ವನಿಮುದ್ರಣಗಳಲ್ಲಿ ವ್ಯತ್ಯಾಸ ಕೇಳುತ್ತದೆ.

ಡಿಮಾರ್ಜಿಯೊದಲ್ಲಿ ಕಾಯಿಲ್ ಒಡೆಯಲು, ಅಂದರೆ ಎರಡರಲ್ಲಿ ಒಂದನ್ನು ಸ್ವಿಚ್‌ನಿಂದ ಬಿಡಿಸಲು: ಕೆಂಪು ವೈರ್ ಸೆಲೆಕ್ಟರಿಗೆ, ಹಸಿರು ಮತ್ತು ಬರಿ ತಂತಿ ಗ್ರೌಂಡಿಗೆ, ಕಪ್ಪು ಬಿಳಿ ಎರಡನ್ನೂ ಸೇರಿಸಿ ಸಣ್ಣ ಟಾಗಲ್‌ನ ನಡುಗಾಲಿಗೆ, ಟಾಗಲ್‌ನ ಒಂದು ತುದಿ ಗ್ರೌಂಡಿಗೆ. ಬೇರೆ ಕಂಪನಿಯ ಬಣ್ಣ ಬೇರೆ, ಇದನ್ನೇ ನಂಬಿ ಬೆಸೆಯಬೇಡಿ.

ತಂತಿವಾದ್ಯ_ಹಾಸನ

ಹಾಗಾದರೆ ಬಫರ್, ಲೂಪ್ ಎರಡನ್ನೂ ಹಾಕುವ ಕ್ರಮ ಪೂರ್ತಿ ಕೊಡುತ್ತೀರಾ? ಬೆಲೆಯೊಂದಿಷ್ಟು ಕಡಿಮೆ ಇರುವ, ಎರಡು ಹಂಬಕರ್‌ನ ಗಿಟಾರ್ ಎಂದು ಇಟ್ಟುಕೊಳ್ಳಿ.

ಬೆಸುಗೆಕಡ್ಡಿ

ಬರೆಯುತ್ತೇನೆ. ಇದು ಇರ್ವಿನ್ ಬೋರ್ಡಿನ ಪಡಿಯಚ್ಚಲ್ಲ, ಅದೇ ಕೆಲಸ ಮಾಡುವ ಸರ್ಕ್ಯೂಟ್. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡಿನಲ್ಲಿ ಒಂದು ಸುತ್ತು ಹೊಡೆದರೆ ಬಹುತೇಕ ಎಲ್ಲ ಸಾಮಾನು ಸಿಗುತ್ತದೆ.

ಬೇಕಾದದ್ದು: ಟಿಎಲ್072 ಐಸಿ ಮತ್ತು 8 ಕಾಲಿನ ಸಾಕೆಟ್. 100 ಕಿಲೋ ಓಮ್ ರೆಸಿಸ್ಟರ್ 3, 470 ಕಿಲೋ ಓಮ್ 1, 1 ಮೆಗಾ ಓಮ್ 1, 100 ಓಮ್ 1. 0.022 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ 1, 10 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್ 2, 0.1 ಮೈಕ್ರೋಫ್ಯಾರಡ್ ಸೆರಾಮಿಕ್ 1. 1ಎನ್5817 ಡಯೋಡ್ 1. 25 ಕಿಲೋ ಓಮ್ ಆಡಿಯೊ ಟೇಪರ್ ಪಾಟ್ 1. ಡಿಪಿಡಿಟಿ (ಎರಡು ಸಾಲು, ಸಾಲಿಗೆ ಮೂರು ಕಾಲು) ಆನ್-ಆನ್ ಟಾಗಲ್ 1. ಸ್ಟೀರಿಯೋ ಜ್ಯಾಕ್ 2, ಅದರಲ್ಲಿ ಒಂದು ಒಳಗೆ ಸ್ವಿಚ್ ಇರುವ ಬಗೆ. 9 ವೋಲ್ಟ್ ಬ್ಯಾಟರಿ ಕ್ಲಿಪ್.

ಮೊದಲು ವಿದ್ಯುತ್. ಬ್ಯಾಟರಿಯ ಕೆಂಪು ವೈರ್ ಡಯೋಡ್ ಮೂಲಕ ಐಸಿಯ 8ನೇ ಕಾಲಿಗೆ. ಡಯೋಡಿನ ಪಟ್ಟಿ ಇರುವ ತುದಿ ಐಸಿಯ ಕಡೆ. ಕತ್ತಲೆ ವೇದಿಕೆಯಲ್ಲಿ ಬ್ಯಾಟರಿ ಉಲ್ಟಾ ತಗುಲಿದರೂ ಐಸಿ ಬದುಕುತ್ತದೆ. 4ನೇ ಕಾಲು ಗ್ರೌಂಡ್. 8 ಮತ್ತು 4ರ ನಡುವೆ 0.1 ಮೈಕ್ರೋಫ್ಯಾರಡ್, ಐಸಿಗೆ ಆದಷ್ಟು ಹತ್ತಿರ. 100 ಕಿಲೋ ಓಮ್ ಎರಡನ್ನು 8ರಿಂದ ಗ್ರೌಂಡಿಗೆ ಸರಣಿಯಲ್ಲಿ ಹಾಕಿದರೆ ನಡುವೆ ಅರ್ಧ ವೋಲ್ಟೇಜ್ ಸಿಗುತ್ತದೆ. ಆ ನಡುಬಿಂದುವಿನಿಂದ ಗ್ರೌಂಡಿಗೆ ಒಂದು 10 ಮೈಕ್ರೋಫ್ಯಾರಡ್.

ಈಗ ಸಿಗ್ನಲ್. ಸೆಲೆಕ್ಟರ್, ಟೋನ್ ದಾಟಿ ಬಂದ ವೈರ್ 0.022 ಮೈಕ್ರೋಫ್ಯಾರಡ್ ಮೂಲಕ 3ನೇ ಕಾಲಿಗೆ. 3ನೇ ಕಾಲಿನಿಂದ ನಡುಬಿಂದುವಿಗೆ 470 ಕಿಲೋ ಓಮ್. ಬಹಳ ನಕ್ಷೆಗಳಲ್ಲಿ ಇಲ್ಲಿ 1 ಮೆಗಾ ಓಮ್ ಇರುತ್ತದೆ. ನಾನು 470 ಎನ್ನಲು ಕಾರಣವಿದೆ: ಮೊದಲು ಪಿಕಪ್ ಮುಂದೆ 500 ಕಿಲೋ ಓಮ್ ವಾಲ್ಯೂಮ್ ಪಾಟ್ ಭಾರ ಇತ್ತು. ಈಗ ಪಾಟ್ ಆಚೆ ಹೋಗಿದೆ. ಆ ಭಾರವನ್ನು ಹೀಗೆ ವಾಪಸು ಕೊಡದಿದ್ದರೆ ಪಿಕಪ್ ಅಗತ್ಯಕ್ಕಿಂತ ಮೊನಚಾಗುತ್ತದೆ. 1 ಮತ್ತು 2ನೇ ಕಾಲು ನೇರ ಜೋಡಿಸಿ. 1ರಿಂದ ಹೊರಗೆ ಇನ್ನೊಂದು 10 ಮೈಕ್ರೋಫ್ಯಾರಡ್, ಪ್ಲಸ್ ಐಸಿಯ ಕಡೆ, ಅದರ ಮುಂದೆ ಸರಣಿಯಲ್ಲಿ 100 ಓಮ್. ಕೆಪಾಸಿಟರಿನ ಹೊರ ತುದಿಯಿಂದ ಗ್ರೌಂಡಿಗೆ 100 ಕಿಲೋ ಓಮ್. 100 ಓಮ್ ಬಿಟ್ಟರೆ ಉದ್ದ ಕೇಬಲ್ ತಗುಲಿದಾಗ ಐಸಿ ಕೇಳಿಸದ ಆವರ್ತನದಲ್ಲಿ ತಾನೇ ಕೂಗತೊಡಗಬಹುದು, ನಿಮಗೆ ಕಾಣುವುದು ಬೇಗ ಸಾಯುವ ಬ್ಯಾಟರಿ, ಕೆಟ್ಟ ಸದ್ದು.

ಐಸಿಯ ಇನ್ನೊಂದು ಅರ್ಧ ಖಾಲಿ ಇದೆ. ಹಾಗೇ ಬಿಡಬೇಡಿ: 6 ಮತ್ತು 7 ಜೋಡಿಸಿ, 5ನ್ನು ನಡುಬಿಂದುವಿಗೆ ಕೊಡಿ.

ಟಾಗಲ್: ಮೊದಲ ಸಾಲಿನ ನಡುಗಾಲಿಗೆ ಬಫರ್‌ನ ಹೊರದಾರಿ. ಎರಡನೇ ಸಾಲಿನ ನಡುಗಾಲಿನಿಂದ 25 ಕಿಲೋ ಓಮ್ ಪಾಟ್‌ನ ಮೇಲಿನ ಕಾಲಿಗೆ. ಒಂದು ಬದಿಯ ಎರಡು ತುದಿಗಳನ್ನು ಒಂದಕ್ಕೊಂದು ಬೆಸೆಯಿರಿ, ಇದು ಲೂಪ್ ಆಫ್. ಇನ್ನೊಂದು ಬದಿಯಲ್ಲಿ ಮೊದಲ ಸಾಲಿನ ತುದಿ ಲೂಪ್ ಜ್ಯಾಕ್‌ನ ಟಿಪ್‌ಗೆ (ಪ್ಲಗ್‌ನ ತುದಿ ತಾಗುವ ಕಾಲು), ಎರಡನೆಯದು ರಿಂಗ್‌ಗೆ (ತುದಿಯ ಹಿಂದಿನ ಬಳೆ ತಾಗುವ ಕಾಲು). ಟಿಪ್ ಹೊರಗೆ ಹೋಗುವ ದಾರಿ, ರಿಂಗ್ ವಾಪಸು ಬರುವ ದಾರಿ. ಒಳಸ್ವಿಚ್ಚಿನ ಜ್ಯಾಕ್ ಇಲ್ಲಿ ಹಾಕಿ, ಪ್ಲಗ್ ಇಲ್ಲದಾಗ ಟಿಪ್ ರಿಂಗ್ ಕೂಡಿಕೊಳ್ಳುವಂತೆ ಜೋಡಿಸಿ. ಇಲ್ಲವಾದರೆ ಲೂಪ್ ಕೇಬಲ್ ಇಲ್ಲದೆ ಸ್ವಿಚ್ ಆನ್ ಆದ ಕ್ಷಣ ಗಿಟಾರ್ ಮೂಕ.

ಪಾಟ್‌ನ ನಡುಗಾಲು ಔಟ್‌ಪುಟ್ ಜ್ಯಾಕ್‌ನ ಟಿಪ್‌ಗೆ, ಕೆಳಗಿನ ಕಾಲು ಗ್ರೌಂಡಿಗೆ. ಬ್ಯಾಟರಿಯ ಕಪ್ಪು ವೈರ್ ಅದೇ ಜ್ಯಾಕ್‌ನ ರಿಂಗ್‌ಗೆ. ಮಾಮೂಲಿ ಮೋನೊ ಪ್ಲಗ್ ಹಾಕಿದಾಗ ರಿಂಗ್ ಗ್ರೌಂಡಿಗೆ ತಾಗಿ ಬ್ಯಾಟರಿ ಆನ್ ಆಗುತ್ತದೆ. ನುಡಿಸಿ ಮುಗಿದ ಮೇಲೆ ಔಟ್‌ಪುಟ್ ಪ್ಲಗ್ ತೆಗೆದಿಡಬೇಕು, ಲೂಪ್ ಪ್ಲಗ್ ತೆಗೆದರೆ ಸಾಲದು. ಟಿಎಲ್072 ಎರಡೂ ಅರ್ಧ ಸೇರಿ 2.8 ಮಿಲಿಆಂಪ್ ಕುಡಿಯುತ್ತದೆ. 500 ಮಿಲಿಆಂಪ್-ಅವರ್ ಆಲ್ಕಲೈನ್ ಬ್ಯಾಟರಿ ಸುಮಾರು 170 ಗಂಟೆ ಬರುತ್ತದೆ. ವೋಲ್ಟೇಜ್ 7ರ ಹತ್ತಿರ ಬಂದಾಗ ಜೋರಾಗಿ ಮೀಟಿದ ಸ್ವರಗಳ ತುದಿ ಒಡೆಯಲು ಶುರು, ಆಗ ಬದಲಿಸಿ.

ಪಾಟ್ 25 ಕಿಲೋ ಏಕೆ? ಟೈಗರ್‌ನಲ್ಲೂ ಅದೇ ಇತ್ತು. 500 ಕಿಲೋ ಓಮ್ ಪಾಟನ್ನು ನಡು ರೋಧಕ್ಕೆ ತಿರುಗಿಸಿದಾಗ ಅದರ ಹೊರರೋಧ 125 ಕಿಲೋ ಓಮ್‌ವರೆಗೆ ಏರುತ್ತದೆ. 6 ಮೀಟರ್ ಕೇಬಲ್ಲಿಗೆ 600 ಪಿಕೋಫ್ಯಾರಡ್ ಹಿಡಿದರೆ, 2,100 ಹರ್ಟ್ಜ್‌ನಿಂದಲೇ ಮೇಲಿನ ಸ್ವರಗಳು ಕರಗತೊಡಗುತ್ತವೆ. ವಾಲ್ಯೂಮ್ ಇಳಿಸಿದಾಗ ಸದ್ದು ಕಂಬಳಿ ಹೊದ್ದಂತಾಗುವುದು ಇದಕ್ಕೇ. 25 ಕಿಲೋದಲ್ಲಿ ಇದೇ ಲೆಕ್ಕ 42,000 ಹರ್ಟ್ಜ್‌ಗೆ ಹೋಗುತ್ತದೆ, ಕಿವಿಗೆ ಸಂಬಂಧವೇ ಇಲ್ಲ. ಆಕ್ಟಿವ್ ಪಿಕಪ್‌ಗಳಿಗೂ 25 ಕಿಲೋವನ್ನೇ ಹಾಕುವುದರಿಂದ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಬಫರ್ ಇಲ್ಲದ ಗಿಟಾರಿಗೆ ಇದನ್ನು ಹಾಕಿದರೆ ಸದ್ದು ಸತ್ತೇಹೋಗುತ್ತದೆ, ನೆನಪಿರಲಿ.

ಪಂಚಮ

470 ಕಿಲೋ ಓಮ್ ಕೊಟ್ಟ ಮೇಲೂ ಧ್ವನಿ ಮೊದಲಿಗಿಂತ ಚೂಪಾಗಿ ಕೇಳಿದರೆ?

ಬೆಸುಗೆಕಡ್ಡಿ

ಕೇಳಿಸುತ್ತದೆ. ಕಾರಣ ಕೇಬಲ್. ಪಿಕಪ್‌ನ ಇಂಡಕ್ಟನ್ಸ್ ಮತ್ತು ಕೇಬಲ್‌ನ ಕೆಪಾಸಿಟನ್ಸ್ ಸೇರಿ ಒಂದು ಶಿಖರ ಕೊಡುತ್ತವೆ. 4 ಹೆನ್ರಿ ಪಿಕಪ್, 600 ಪಿಕೋಫ್ಯಾರಡ್ ಕೇಬಲ್ ಎಂದರೆ ಶಿಖರ 3,200 ಹರ್ಟ್ಜ್ ಬಳಿ. ನಮ್ಮ ಕಿವಿ ‘ಗಿಟಾರ್ ಸದ್ದು’ ಎಂದು ಗುರುತಿಸುವುದು ಇದನ್ನೇ. ಬಫರ್ ಬಂದ ಮೇಲೆ ಪಿಕಪ್‌ಗೆ ಕೇಬಲ್ ಕಾಣುವುದೇ ಇಲ್ಲ. ತನ್ನದೇ 120 ಪಿಕೋಫ್ಯಾರಡ್ ಮಾತ್ರ ಉಳಿದರೆ ಶಿಖರ 7,000 ದಾಟುತ್ತದೆ. ಪರಿಹಾರ ಒಂದು ರೂಪಾಯಿಯದು: 0.022 ಕೆಪಾಸಿಟರಿಗೆ ಮುಂಚೆ, ಸಿಗ್ನಲ್‌ನಿಂದ ಗ್ರೌಂಡಿಗೆ 330 ಅಥವಾ 470 ಪಿಕೋಫ್ಯಾರಡ್ ಹಾಕಿ. ಎರಡನ್ನೂ ಮೊಸಳೆ ಕ್ಲಿಪ್‌ನಲ್ಲಿ ಸಿಕ್ಕಿಸಿ ಕೇಳಿ, ಒಪ್ಪಿದ್ದನ್ನು ಬೆಸೆಯಿರಿ.

ಹೇಮಾವತಿ

ಕೇಬಲ್ ಬಗ್ಗೆ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ. ಮಿಕ್ಸರ್‌ಗೆ ಬಳಸುವ ಇನ್ಸರ್ಟ್ ಕೇಬಲ್, ಅಂದರೆ ಒಂದು ಸ್ಟೀರಿಯೋ ಪ್ಲಗ್ ಎರಡು ಮೋನೊ ಆಗಿ ಒಡೆಯುವಂಥದ್ದು, ಇದಕ್ಕೆ ಸರಿಹೊಂದುತ್ತದೆ. ಆದರೆ ಎರಡೂ ವೈರಿಗೆ ಬೇರೆ ಬೇರೆ ಶೀಲ್ಡ್ ಇರಬೇಕು. ಒಂದೇ ಶೀಲ್ಡ್ ಒಳಗೆ ಎರಡೂ ಇದ್ದರೆ, ಡಿಸ್ಟಾರ್ಷನ್ ಪೆಡಲ್ ಹಾಕಿದಾಗ ವಾಪಸು ಬರುವ ದೊಡ್ಡ ಸಿಗ್ನಲ್ ಹೋಗುವ ವೈರಿಗೆ ಸೋರಿ ಸಿಳ್ಳೆ ಹೊಡೆಯಬಹುದು. ಹೋಗುವ ಬದಿ ಬಫರ್ ಆಗಿರುವುದರಿಂದ ಸಾಧಾರಣ ಪೆಡಲ್‌ಗಳಲ್ಲಿ ಇದು ಗೊತ್ತಾಗುವುದಿಲ್ಲ, ಗೇನ್ ಪೂರ್ತಿ ತೆರೆದಾಗ ಗೊತ್ತಾಗುತ್ತದೆ.

ಹಮ್ ಬಂದರೆ ಮೊದಲು ಪೆಡಲ್‌ಗಳ ಅಡಾಪ್ಟರ್ ನೋಡಿ. ಗಿಟಾರಿನ ಗ್ರೌಂಡ್ ಆಂಪಿಗೂ ಹೋಗುತ್ತದೆ, ಲೂಪ್ ಕೇಬಲ್ ಮೂಲಕ ಪೆಡಲಿಗೂ ಹೋಗುತ್ತದೆ. ಅಡಾಪ್ಟರ್ ಕೂಡ ಗೋಡೆಯ ಅರ್ಥ್‌ಗೆ ಸೇರಿದ್ದರೆ ಒಂದು ವೃತ್ತ ಪೂರ್ತಿಯಾಗಿ ಗುಂಯ್ ಎನ್ನುತ್ತದೆ. ಪೆಡಲ್‌ಗಳನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಹಮ್ ನಿಂತರೆ ಐಸೊಲೇಟೆಡ್ ಪವರ್ ಸಪ್ಲೈ ಬೇಕು. ಆಂಪಿನ ಅರ್ಥ್ ಪಿನ್ ಕಿತ್ತು ಸರಿಮಾಡಲು ಯಾವತ್ತೂ ಹೋಗಬೇಡಿ, ಅದು ಜೀವಕ್ಕೆ ಅಪಾಯ.

ಕರಗಸ_ಸಾಗರ

ಹಿತ್ತಾಳೆ ಅಂಚಿನ ಪ್ರಶ್ನೆ ಉಳಿದಿತ್ತು. ಮರ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಿತ್ತಾಳೆ ತೇವಕ್ಕೆ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಮಲೆನಾಡು, ಕರಾವಳಿಯ ಹವೆಯಲ್ಲಿ ಈ ಜಗಳ ಜೋರು, ಗಿಟಾರಿನ ಬುಡದಲ್ಲಿ ಎಳೆಯ ತುದಿ ಬರುವ ಕಡೆ ಅಂಚು ಮೊದಲು ಎದ್ದೇಳುತ್ತದೆ. ಹಾಗಾಗಿ ಚೆನ್ನಾಗಿ ಹದಗೊಂಡ ಮರ ಮೊದಲ ಅಗತ್ಯ. ಪಟ್ಟಿಯನ್ನು ಮಂದ ಕೆಂಪಿಗೆ ಕಾಯಿಸಿ ಆರಲು ಬಿಟ್ಟರೆ ಮೆದುವಾಗಿ ಬಾಗುತ್ತದೆ. ಅಚ್ಚಿನ ಮೇಲೆ ಪೂರ್ತಿ ಆಕಾರ ಬರುವ ತನಕ ಬಗ್ಗಿಸಿ, ಗಿಟಾರಿನ ಮೇಲೆ ಒತ್ತಿ ಬಗ್ಗಿಸಲು ಹೋಗಬೇಡಿ, ಸ್ಪ್ರಿಂಗಿನಂತೆ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಒಳಮೈಯನ್ನು 80 ನಂಬರ್ ಕಾಗದದಲ್ಲಿ ಗೀರಿ, ಅಸಿಟೋನ್‌ನಲ್ಲಿ ಒರೆಸಿ, ನಿಧಾನ ಗಟ್ಟಿಯಾಗುವ ಎಪಾಕ್ಸಿ ಹಚ್ಚಿ. ಐದು ನಿಮಿಷದ ಎಪಾಕ್ಸಿ ಬೇಡ. ಆಮೇಲೆ ಮರದ ಮಟ್ಟಕ್ಕೆ ಅರ ಹಾಕುವಾಗ ಹಿತ್ತಾಳೆಯ ಕಪ್ಪು ಪುಡಿ ಮೇಪಲ್ ರಂಧ್ರಕ್ಕೆ ಇಳಿಯುತ್ತದೆ. ಅದಕ್ಕೇ ಮೇಪಲ್‌ಗೆ ಅರಗು ಮೊದಲೇ ಹೊಡೆದಿರಬೇಕು.

ಬೆವರು ತಾಗಿ ಹಿತ್ತಾಳೆ ಕಿಲುಬು ಹಿಡಿದಾಗ ದೇವರ ಮನೆಯ ದೀಪಕ್ಕೆ ಮಾಡಿದ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹುಳಿ ನೀರು ಅಂಚಿನ ಸಂದಿಗೆ ಇಳಿದು ಮರದ ಮೇಲೆ ಕಪ್ಪು ಹಸಿರು ಕಲೆ ಬಿಡುತ್ತದೆ, ತೆಗೆಯಲು ಲೇಪವನ್ನೇ ಕೆರೆಯಬೇಕು. ಒಣ ಪಾಲಿಶ್ ಬಟ್ಟೆ ಸಾಕು.

ಹುಲಿಯಂಥ ಕೂಡಿಕೆಗೆ ಮೈಸೂರಿನ ಬೀಟೆ ಮರದ ಕುಶಲಕರ್ಮಿಗಳ ಕೈ ಯಾರಿಗೂ ಕಡಿಮೆಯಿಲ್ಲ. ಒಂದು ಎಚ್ಚರ: ಗೋಡೆಗೆ ಹಾಕುವ ಚಿತ್ರಕ್ಕೆ ಬಿರುಕು ಮೇಣದಲ್ಲಿ ಮುಚ್ಚಬಹುದು. ಗಿಟಾರಿನ ಮುಚ್ಚಳವನ್ನು ಪ್ರತಿ ಬ್ಯಾಟರಿಗೂ ಬಿಚ್ಚಿ ಹಾಕುತ್ತಾರೆ, ತಿರುಪಿನ ರಂಧ್ರದಿಂದ ಚಿಪ್ಪಿನ ತುಂಡಿನವರೆಗೆ ಕನಿಷ್ಠ 5 ಮಿಲಿಮೀಟರ್ ಮರ ಬಿಡಲು ಹೇಳಿ.

ಶ್ರುತಿಪೆಟ್ಟಿಗೆ

ಆಮೇಲೆ ಗಿಟಾರ್ ಯಾರ ಹತ್ತಿರ ಹೋಯಿತು ಎಂದು ಕೇಳುವವರಿಗೆ: 1995ರ ಜುಲೈ 9ರಂದು ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ಗ್ರೇಟ್‌ಫುಲ್ ಡೆಡ್‌ನ ಕೊನೆಯ ಕಛೇರಿ. ರೋಸ್‌ಬಡ್ ಕೈಕೊಟ್ಟಿದ್ದರಿಂದ ಟೈಗರ್ ತಂದುಕೊಟ್ಟರು, ಗಾರ್ಸಿಯಾ ತಂಡದೊಂದಿಗೆ ಕೊನೆಗೆ ನುಡಿಸಿದ್ದು ಇದನ್ನೇ. ಇರ್ವಿನ್ ಮಾಡಿದ ಗಿಟಾರುಗಳು ಇರ್ವಿನ್‌ಗೇ ಸೇರಬೇಕು ಎಂದು ಗಾರ್ಸಿಯಾ ಉಯಿಲು ಬರೆದಿದ್ದರು. ತಂಡ ತಕರಾರು ಎತ್ತಿತು. 2001ರ ಒಪ್ಪಂದದಲ್ಲಿ ವೂಲ್ಫ್ ಮತ್ತು ಟೈಗರ್ ಇರ್ವಿನ್‌ಗೆ ಬಂದವು. 2002ರ ಮೇ 8ರಂದು ನ್ಯೂಯಾರ್ಕ್‌ನಲ್ಲಿ ಗರ್ನ್ಸೀಸ್ ಹರಾಜಿನಲ್ಲಿ ಟೈಗರ್ ಕಮಿಷನ್ ಸೇರಿ 9,57,500 ಡಾಲರ್‌ಗೆ ಹೋಯಿತು, ಕೊಂಡವರು ಅಮೆರಿಕನ್ ಫುಟ್‌ಬಾಲ್ ತಂಡವೊಂದರ ಅಂದಿನ ಮಾಲೀಕ ಜಿಮ್ ಇರ್ಸೆ (2025ರಲ್ಲಿ ತೀರಿಕೊಂಡರು). ವೂಲ್ಫ್ ಅದೇ ದಿನ 7,89,500ಕ್ಕೆ ಹೋಗಿ, 2017ರಲ್ಲಿ ಮತ್ತೆ ದತ್ತಿಗಾಗಿ ಹರಾಜಾದಾಗ 19 ಲಕ್ಷ ಡಾಲರ್ ಮುಟ್ಟಿತು.

ತಂತಿವಾದ್ಯ_ಹಾಸನ

ಎಲ್ಲರಿಗೂ ಧನ್ಯವಾದ. ಬೆಸುಗೆಕಡ್ಡಿ ಸರ್, ಕೊನೆಯದಾಗಿ: ಬೆಸೆದ ಮೇಲೆ ಪರೀಕ್ಷೆ ಹೇಗೆ? ಲೂಪ್ ಸ್ವಿಚ್ ಒತ್ತಿದಾಗ ‘ಟಪ್’ ಎಂದು ಸದ್ದು ಬಂದರೆ ಏನು ಮಾಡಬೇಕು? ಮತ್ತೆ, ನೀವು ಪಟ್ಟಿಯಲ್ಲಿ ಹೇಳಿದ 1 ಮೆಗಾ ಓಮ್ ಎಲ್ಲಿಗೆ ಹೋಯಿತು?

ಬೆಸುಗೆಕಡ್ಡಿ

ಆ 1 ಮೆಗಾ ಓಮ್ ‘ಟಪ್’ಗೇ ಇಟ್ಟದ್ದು, ಬರೆಯುವಾಗ ತಪ್ಪಿತು.

ಪರೀಕ್ಷೆ: ಐಸಿ ಸಾಕೆಟ್ಟಿಗೆ ಹಾಕುವ ಮುಂಚೆ ಔಟ್‌ಪುಟ್ ಪ್ಲಗ್ ಹಾಕಿ, ಮಲ್ಟಿಮೀಟರ್‌ನ ಕಪ್ಪು ಕಡ್ಡಿ ಗ್ರೌಂಡಿಗೆ ಹಿಡಿಯಿರಿ. 8ನೇ ಕಾಲಲ್ಲಿ ಸುಮಾರು 9 ವೋಲ್ಟ್, 4ರಲ್ಲಿ ಸೊನ್ನೆ, ನಡುಬಿಂದುವಿನಲ್ಲಿ 4.5 ಬರಬೇಕು. ನಡುಬಿಂದು 9 ತೋರಿಸಿದರೆ ಕೆಳಗಿನ 100 ಕಿಲೋ ಬಿಟ್ಟುಹೋಗಿದೆ. ಸೊನ್ನೆ ಇದ್ದರೆ 10 ಮೈಕ್ರೋಫ್ಯಾರಡ್ ಉಲ್ಟಾ ಇದೆ ಅಥವಾ ಬೆಸುಗೆ ಹರಿದು ಶಾರ್ಟ್ ಆಗಿದೆ. ಸರಿಯಿದ್ದರೆ ಪ್ಲಗ್ ತೆಗೆದು ಐಸಿ ಕೂರಿಸಿ, ಮತ್ತೆ ಪ್ಲಗ್ ಹಾಕಿ. 1 ಮತ್ತು 7ನೇ ಕಾಲುಗಳಲ್ಲಿ 4.5 ಇರಬೇಕು. 10 ಮೈಕ್ರೋಫ್ಯಾರಡ್ ದಾಟಿದ ಆಚೆ ಸೊನ್ನೆ. ಅಲ್ಲಿ ನಿಧಾನ ಇಳಿಯದೆ ಕೆಲವು ಮಿಲಿವೋಲ್ಟ್ ನಿಂತೇ ಇದ್ದರೆ ಕೆಪಾಸಿಟರ್ ಸೋರುತ್ತಿದೆ, ಬದಲಿಸಿ.

‘ಟಪ್’ ಬರುವುದು ಪೆಡಲಿನ ಹೊರಗಿನ ಕೆಪಾಸಿಟರ್ ಸ್ವಿಚ್ ತೆರೆದಿದ್ದಾಗ ಚಾರ್ಜ್ ಕೂಡಿಟ್ಟುಕೊಂಡು, ಒತ್ತಿದ ಕ್ಷಣ ಪಾಟ್ ಮೂಲಕ ಸುರಿಯುವುದರಿಂದ. ಲೂಪ್ ಜ್ಯಾಕ್‌ನ ರಿಂಗ್‌ನಿಂದ ಗ್ರೌಂಡಿಗೆ ಆ 1 ಮೆಗಾ ಓಮ್ ಬೆಸೆಯಿರಿ, ಚಾರ್ಜ್ ನಿಲ್ಲಲು ಜಾಗವೇ ಇರುವುದಿಲ್ಲ. ಹಾಕಿದ ಮೇಲೂ ಮೊದಲ ಒಂದೆರಡು ಸಲ ಸಣ್ಣಗೆ ಕೇಳಿಸಬಹುದು, ಪೆಡಲ್‌ಗಳಿಗೆ ಕರೆಂಟ್ ಕೊಟ್ಟು ಅರ್ಧ ನಿಮಿಷ ಬಿಟ್ಟು ಒತ್ತಿ ನೋಡಿ.